ಮೋರಿಕಟ್ಟೆಯ ಮೇಲಿನ ಬೆನಕ

2024ರ ನವೆಂಬರ್ 19, ಮಂಗಳವಾರ. ಬೆಳಿಗ್ಗೆ 11.20ಕ್ಕೆ ಹೊನ್ನಾಳಿಯ ಮಲ್ಲಿಕಾರ್ಜುನಪ್ಪ ಬಸವಾಪಟ್ಟಣ ಠಾಣೆಗೆ ಬಂದು ದೂರು ಕೊಟ್ಟರು. ಚನ್ನಗಿರಿಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅವರ ಮಗಳು ಕಾವ್ಯಶ್ರೀ ಮೊಬೈಲ್ ಆ್ಯಪ್‌ನಲ್ಲಿ ಸೀಟು ಹಿಡಿದು ಶೇರಿಂಗ್ ಟ್ಯಾಕ್ಸಿಯಲ್ಲಿ ಹೊರಟಿದ್ದಳು. ಬಸವಾಪಟ್ಟಣ ದಾಟಿ ಕತ್ತಲಗೆರೆ ಕಡೆ ಬರುವಾಗ, ಅಂದೇ ಬೆಳಿಗ್ಗೆ 6.40ರ ಸುಮಾರಿಗೆ, ಕಾರು ರಸ್ತೆಯ ಬಲಬದಿಯ ಹುಣಸೆ ಮರಕ್ಕೆ ಗುದ್ದಿತ್ತು. ಹುಡುಗಿಯ ಕೈ ಮುರಿದಿತ್ತು. ಕಾರಿನ ಮಾಲೀಕನೂ ಚಾಲಕನೂ ಆದ ಗೋವಿನಕೋವಿಯ ಕಲ್ಲೇಶ್‌ನ ಬಲಗಾಲು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು.

ದೂರು ಬರೆದುಕೊಂಡವರು ಠಾಣೆಯ ರೈಟರ್, ಹೆಡ್ ಕಾನ್‌ಸ್ಟೆಬಲ್ ಮಹೇಶ್ವರಪ್ಪ. ಇಪ್ಪತ್ತಾರು ವರ್ಷದ ಸರ್ವೀಸು. ಅಪಘಾತದ ದೂರು ಅವರಿಗೆ ಬಾಯಿಪಾಠ. "ಸದರಿ ಚಾಲಕನು ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು" ಎಂಬ ಸಾಲು, ಲಗ್ನಪತ್ರಿಕೆಯ ನೆತ್ತಿಯ ಮೇಲೆ ದೇವರ ಹೆಸರು ಕೂತಂತೆ, ತಾನಾಗಿಯೇ ಬಂದು ಕೂತಿತು.

ಇನ್ಸ್‌ಪೆಕ್ಟರ್ ಶಾಂತಲಾ ಹಾಳೆಯನ್ನು ಎರಡು ಸಲ ಓದಿದರು.

"ಅತಿವೇಗ ಅಂತ ಬರ್ಸೀರಿ. ಯಾರು ನೋಡಿದ್ರು?"

"ಮಗಳು ಹಿಂದಿನ ಸೀಟಿನಾಗೆ ನಿದ್ದೆ ಹೋಗಿದ್ಲಂತೆ ಮೇಡಂ," ಎಂದರು ಮಲ್ಲಿಕಾರ್ಜುನಪ್ಪ.

"ನೀವು?"

"ನಾನು ಊರಾಗಿದ್ದೆ. ಆಸ್ಪತ್ರೆಯಾಗೆ ಯಾರೋ ಒಬ್ರು ಹೇಳಿದ್ರು. ಡ್ರೈವರ್ ತಪ್ಪು ಅಂತ ಬರಸದಿದ್ರೆ ಪರಿಹಾರ ಬರಲ್ಲ ಅಂತ. ನನಗೂ ಆ ಹುಡುಗನ ಮ್ಯಾಲೆ ಸಿಟ್ಟೇನೂ ಇಲ್ರಿ."

ಶಾಂತಲಾ ಮಹೇಶ್ವರಪ್ಪನವರ ಕಡೆ ನೋಡಿದರು. ಅವರು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು.

"ಪಾಪ, ಹುಡುಗಿಗೆ ಅನುಕೂಲ ಆಗಲಿ ಅಂತ ಮೇಡಂ. ಎಲ್ಲಾ ಕೇಸಿಗೂ ಹಂಗೇ ಬರಿಯಾದು."

ಮಾತು ಸುಳ್ಳಲ್ಲ. ತಪ್ಪು ಯಾರದೆಂದು ಬರೆಯದಿದ್ದರೆ ವಿಮೆ ಕಂಪನಿ ನೂರೆಂಟು ತಕರಾರು ತೆಗೆಯುತ್ತದೆ. ಆದರೆ ಆ ಸಾಲಿಗೆ ಇನ್ನೊಂದು ಮುಖವೂ ಇದೆ. ಹಿಂದಿನ ಸೀಟಿನಲ್ಲಿ ಕೂತವಳಿಗೆ ತಪ್ಪು ಈ ವಾಹನದ್ದಾದರೂ ಆ ವಾಹನದ್ದಾದರೂ ಪರಿಹಾರ ಉಂಟು. ಓಡಿಸಿದವನಿಗೆ ಹಾಗಲ್ಲ. ತಪ್ಪೆಲ್ಲ ಅವನದೇ ಆದರೆ ಅವನ ಕಾಲಿಗೆ ಯಾರೂ ಕಾಸು ಕೊಡುವುದಿಲ್ಲ. ಅರ್ಧ ತಪ್ಪು ಇನ್ನೊಬ್ಬರದೆಂದು ರುಜುವಾತಾದರೆ ಅರ್ಧ ಸಿಗುತ್ತದೆ. ಮಾಲೀಕ-ಚಾಲಕನಿಗೆಂದೇ ಇರುವ ಸಣ್ಣ ವಿಮೆಯೂ ಕಲ್ಲೇಶ್‌ಗೆ ಇರಲಿಲ್ಲ. ಪಾಲಿಸಿ ನವೀಕರಿಸಿದ ಏಜೆಂಟು ಆ ಕಾಲಂನಲ್ಲಿ "ಬೇರೆ ಪಾಲಿಸಿ ಇದೆ" ಎಂದು ಗುರುತು ಹಾಕಿ ಕೈತೊಳೆದುಕೊಂಡಿದ್ದ.

ಕೊಟ್ಟ ದೂರನ್ನು ತಿದ್ದುವ ಹಾಗಿಲ್ಲ. 11.50ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಕಲ್ಲೇಶ್ ಎಂಬ ಹೆಸರು ಬಿತ್ತು. ಅದೇ ಹೊತ್ತಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಆರೋಪಿಯನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ಮಧ್ಯಾಹ್ನ 3.10ಕ್ಕೆ ಶಾಂತಲಾ ಸ್ಥಳ ಪಂಚನಾಮೆಗೆ ಹೋದರು. ಜೊತೆಗೆ ಮಹೇಶ್ವರಪ್ಪ, ಕಾನ್‌ಸ್ಟೆಬಲ್ ವಿನಯ್ ಕುಮಾರ್, ಬಸವಾಪಟ್ಟಣದ ಇಬ್ಬರು ಪಂಚರು. ಬೆಳಿಗ್ಗೆ ಫೋನು ಬಂದಾಗ ಮೊದಲು ಹೋಗಿ ಕಾರು ಕಾದವನು ವಿನಯ್ ಕುಮಾರನೇ. ಟೇಪು ಹಿಡಿದು ಅಳತೆ ಹಾಕಿದರು. ಮರದಿಂದ ರಸ್ತೆಯ ಅಂಚಿಗೆ ಏಳು ಅಡಿ. ಟಾರಿನ ಮೇಲೆ ಬ್ರೇಕಿನ ಗುರುತು ಹನ್ನೊಂದು ಅಡಿ, ಎಡದಿಂದ ಬಲಕ್ಕೆ ವಾರೆಯಾಗಿ.

"ವೇಗ ಇದ್ರೆ ಗುರುತು ಇಷ್ಟಕ್ಕೇ ನಿಲ್ತಿರಲಿಲ್ಲ," ಎಂದರು ಶಾಂತಲಾ. "ಎಡಗಡೆ ಏನೋ ಕಂಡು ಬಲಕ್ಕೆ ಎಳ್ದಾನೆ. ಏನಿತ್ತು ಇಲ್ಲಿ?"

"ಏನೂ ಇರಲಿಲ್ಲ ಮೇಡಂ. ನಾನು ಎಂಟೂ ಹತ್ತಕ್ಕೆ ಬಂದೀನಿ. ರಸ್ತೆ ಕ್ಲೀನಾಗಿತ್ತು," ಎಂದ ವಿನಯ್ ಕುಮಾರ್.

ಕ್ಲೀನಾಗಿತ್ತು ಎನ್ನುವುದೇ ಶಾಂತಲಾಗೆ ಸರಿ ಕಾಣಲಿಲ್ಲ. ನವೆಂಬರ್ ತಿಂಗಳೆಂದರೆ ಈ ಸೀಮೆಯಲ್ಲಿ ರಸ್ತೆ ಸರ್ಕಾರದ್ದಲ್ಲ, ಮೆಕ್ಕೆಜೋಳದ್ದು. ಟಾರಿನ ಒಂದು ಪಕ್ಕ ಉದ್ದಕ್ಕೂ ಕಾಳು ಹರವಿ, ವಾಹನ ಹತ್ತದಿರಲೆಂದು ಅಂಚಿಗೆ ಕಲ್ಲು ಸಾಲಿಟ್ಟು ಒಣಗಿಸುತ್ತಾರೆ. ಬೇಡವೆಂದು ಪೊಲೀಸರು ವರ್ಷವೂ ಹೇಳುತ್ತಾರೆ, ರೈತರು ವರ್ಷವೂ ತಲೆಯಾಡಿಸುತ್ತಾರೆ. ಬಸವಾಪಟ್ಟಣದಿಂದ ಬರುವ ದಾರಿಯುದ್ದಕ್ಕೂ ಅವತ್ತೂ ಹಳದಿ ಹಾಸಿಗೆಯೇ. ಈ ಹುಣಸೆ ಮರದ ಎದುರಿಗೆ ಮಾತ್ರ ಅರವತ್ತು ಅಡಿ ಟಾರು ಬರಿದಾಗಿತ್ತು.

"ಬೆಳಿಗ್ಗೆ ತೆಗೆದ ಫೋಟೊ ತೋರಿಸು."

ವಿನಯ್ ಕುಮಾರ್ ಮೊಬೈಲು ಕೊಟ್ಟ. ಇಬ್ಬನಿ ಬಿದ್ದು ರಸ್ತೆಯೆಲ್ಲ ಕಪ್ಪಗೆ ಒದ್ದೆಯಾಗಿತ್ತು. ಎಡಗಡೆ ಉದ್ದನೆಯ ಒಂದು ಪಟ್ಟಿ ಮಾತ್ರ ಬೆಳ್ಳಗೆ ಒಣಗಿತ್ತು, ರಾತ್ರಿಯಿಡೀ ಏನೋ ಹೊದ್ದು ಮಲಗಿದ್ದ ಹಾಗೆ. ಪಟ್ಟಿಯ ಕೊನೆಗೆ ಇನ್ನೊಂದು ಸಣ್ಣ ಒಣ ಜಾಗ, ಅದರ ನಡುವೆ ಆಯಿಲಿನ ಮೂರು ತೊಟ್ಟು. ಫೋಟೊ ತೆಗೆದವನು ಕಾರನ್ನು ನೋಡಿದ್ದನೇ ಹೊರತು ನೆಲವನ್ನು ನೋಡಿರಲಿಲ್ಲ.

ಚರಂಡಿಯಲ್ಲಿ ಹುಡುಕಿದರು. ಹುಲ್ಲಿನೊಳಗೆ ಇಪ್ಪತ್ತೆರಡು ಕಲ್ಲು ಸಿಕ್ಕವು. ಒಂದರ ಮೇಲೆ ಟೈರಿನ ಕರಿ ಉಜ್ಜಿತ್ತು. ಪಂಚರ ಸಮಕ್ಷಮ ಅದನ್ನು ಚೀಲಕ್ಕೆ ಹಾಕಿ ಅರಗು ಮುದ್ರೆ ಹಾಕುತ್ತಿರುವಾಗ ಶಾಂತಲಾರ ಕಣ್ಣು ಪಕ್ಕದ ಮೋರಿಕಟ್ಟೆಯ ಮೇಲೆ ಬಿತ್ತು. ಅಲ್ಲಿ ಅಂಗೈಯಗಲದ ಎಕ್ಕದ ಎಲೆ. ಎಲೆಯ ಮೇಲೆ ಸೆಗಣಿಯ ಬೆನಕ. ನೆತ್ತಿಗೆ ಗರಿಕೆ, ಹಣೆಗೆ ಕುಂಕುಮ. ಸೆಗಣಿ ಇನ್ನೂ ಪೂರ್ತಿ ಒಣಗಿರಲಿಲ್ಲ.

ಶಾಂತಲಾ ಜಗಳೂರು ಕಡೆಯವರು. ಚಿಕ್ಕಂದಿನಲ್ಲಿ ಸುಗ್ಗಿಗೆ ಬೆನಕನನ್ನು ಮಾಡುವ ಕೆಲಸ ಅವರದೇ. ರಾಶಿಯ ನೆತ್ತಿಯ ಮೇಲೆ ಬೆನಕ ಕೂರಬೇಕು. ರಾಶಿ ಇದ್ದಷ್ಟು ದಿನ ಅವನೂ ಇರಬೇಕು. ರಾಶಿ ಎತ್ತಿದ ಮೇಲೆ ಅವನನ್ನು ಕಾಲಿಗೆ ಸಿಗುವ ಕಡೆ ಬಿಸಾಕುವ ಹಾಗಿಲ್ಲ.

"ಇವತ್ತು ಬೆಳಿಗ್ಗೆ ಇಲ್ಲಿ ರಾಶಿ ಇತ್ತು ಮಹೇಶ್ವರಪ್ಪ," ಎಂದರು ಅವರು. "ಎಲ್ಲಾ ಬಳದಾರೆ. ಕಲ್ಲನ್ನ ಚರಂಡಿಗೆ ಹಾಕ್ಯಾರೆ. ದೇವರನ್ನ ಹಾಕಾಕೆ ಕೈ ಬಂದಿಲ್ಲ."

ಬೆನಕನ ಫೋಟೊ ತೆಗೆಸಿ, ಪಂಚನಾಮೆಯಲ್ಲಿ ಬರೆಸಿ, ಅವನನ್ನು ಮಾತ್ರ ಅಲ್ಲೇ ಬಿಟ್ಟರು.

ಮರುದಿನ, 20ರಂದು ಮಧ್ಯಾಹ್ನ 12.45ಕ್ಕೆ ಶಾಂತಲಾ ದಾವಣಗೆರೆಯ ಆಸ್ಪತ್ರೆಗೆ ಹೋದರು. ಕಲ್ಲೇಶ್‌ಗೆ ಮೂವತ್ತೊಂದು ವರ್ಷ. ಹೊದಿಕೆ ಒಂದು ಕಡೆ ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು. ಹೆಂಡತಿ ಅಂಬಿಕಾ ತಲೆದೆಸೆಯಲ್ಲಿ ನಿಂತಿದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅರವತ್ತರ ಆಸುಪಾಸಿನ ಒಬ್ಬರು ಟಿಫಿನ್ ಬಾಕ್ಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇವರು?"

"ದಾಸಪ್ಪ ದೊಡ್ಡಪ್ಪ ಅಂತರಿ. ಕತ್ತಲಗೆರೆ ಹತ್ರದವರು," ಎಂದ ಕಲ್ಲೇಶ್. "ಸಂಬಂಧ ಏನಿಲ್ಲ. ಇವರೇ ನಮ್ಮನ್ನ ಕಾರಿನಿಂದ ಎಳ್ದು ಹಾಲಿನ ಗಾಡಿಗೆ ಹಾಕಿ ಕಳಿಸಿದ್ದು. ನನ್ನ ಕಾಲಿಗೆ ಟವೆಲ್ ಬಿಗಿದು ಕಟ್ಟಿದ್ರು. ಇಲ್ದಿದ್ರೆ ಜೀವಾನೇ ಇರ್ತಿರಲಿಲ್ಲ ಅಂದ್ರು ಡಾಕ್ಟ್ರು. ಇವತ್ತು ಬಸ್ ಹತ್ತಿ ಬುತ್ತಿ ತಂದಾರೆ."

ದಾಸಪ್ಪ ನೆಲ ನೋಡುತ್ತಿದ್ದರು.

"ಏನಾಯ್ತು ಹೇಳಪ್ಪ," ಎಂದರು ಶಾಂತಲಾ.

"ಹೊನ್ನಾಳಿಯಾಗೆ ಇಬ್ರು ಹತ್ತಿದ್ರು. ಸತೀಶ್ ಕುಮಾರ್ ಅನ್ನೋರು ಬಸವಾಪಟ್ಟಣದಾಗೆ ಇಳಿದ್ರು. ಆಮ್ಯಾಲೆ ಮಂಜು ಜಾಸ್ತಿ ಆತು. ಲೈಟ್ ಹಾಕ್ಕೊಂಡು ನಿಧಾನಕ್ಕೇ ಬರ್ತಿದ್ದೆ. ಎದುರಿಗೆ ಏನೋ ಕಪ್ಪಗೆ, ಎತ್ತರಕ್ಕೆ ನಿಂತಿತ್ತು. ಬಲಕ್ಕೆ ಎಳದೆ. ಚಕ್ರ ಕಲ್ಲಿನ ಮ್ಯಾಲೆ ಹತ್ತಿದಂಗಾತು. ಅಷ್ಟೇ ಗೊತ್ತಿರಾದು. ಯಾರಿಗೆ ಹೇಳಿದ್ರೂ ಅಲ್ಲಿ ಏನೂ ಇರಲಿಲ್ಲ ಅಂತಾರೆ. ನನಗೇ ಅನುಮಾನ ಬರಾಕೆ ಹತ್ತೈತಿ, ನಿದ್ದೆಗಣ್ಣಾಗೆ ಏನಾರ ಕಂಡೆನಾ ಅಂತ."

ಅಂಬಿಕಾ ಒಂದು ಹೆಜ್ಜೆ ಮುಂದೆ ಬಂದಳು. "ಮೇಡಂ, ಕಾಲೂ ನಮ್ಮದೇ ಹೋತು, ತಪ್ಪೂ ನಮ್ಮದೇ ಅಂತ ಬರದೀರಂತೆ. ಇವರು ಇನ್ನ ಕಾರು ಓಡಿಸಾಕೆ ಆಗಲ್ಲ. ಎರಡು ವರ್ಷದ ಮಗು ಐತೆ. ನಾವು ಯಾರನ್ನ ಕೇಳಾದು?"

ಶಾಂತಲಾ ಅದನ್ನೂ ಡೈರಿಯಲ್ಲಿ ಬರೆದುಕೊಂಡರು. ಅವರು ದಾಸಪ್ಪನವರ ಕಡೆ ತಿರುಗಿದರು.

"ಯಜಮಾನ್ರೆ, ಅಷ್ಟೊತ್ತಿಗೆ ನೀವು ಅಲ್ಲಿ ಏನ್ ಮಾಡ್ತಿದ್ರಿ?"

"ಹೊಲದಾಗಿದ್ದೆ ತಾಯಿ. ಸದ್ದು ಕೇಳಿ ಓಡಿ ಬಂದೆ."

"ಗಾಯ ಆದವರ ಜೊತೆಗೆ ಹಾಲಿನ ಗಾಡಿಯಾಗೆ ಯಾಕೆ ಹೋಗಲಿಲ್ಲ?"

"ಕಾರು ಕಾಯಾಕೆ ಯಾರಾದ್ರೂ ಬೇಕಲ್ಲ ಅಂತ ಉಳದೆ."

"ರಸ್ತೆ ಮ್ಯಾಲೆ ಏನಾದ್ರೂ ಇತ್ತಾ?"

"ಜೋಳ ಏನೂ ಇರಲಿಲ್ಲ ತಾಯಿ."

ಜೋಳದ ಮಾತನ್ನು ಶಾಂತಲಾ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಅವರಿಗೆ ಹಲವು ಕೇಸುಗಳಲ್ಲಿ ನಗು ತರಿಸಿತ್ತು. ಅವತ್ತು ತರಿಸಲಿಲ್ಲ. ಇಂಥ ಮನುಷ್ಯನೇ ಆಗಿರಬೇಕಿತ್ತೇ ಎಂದು ಸಂಕಟವಾಯಿತು. ಅವರು ಮತ್ತೇನೂ ಕೇಳದೆ ಎದ್ದರು. ಹೊರಗೆ ಬರುವಾಗ ಹಿಂದೆ ದಾಸಪ್ಪನವರ ದನಿ ಕೇಳಿತು, "ಉಣ್ಣು ಮಗ, ತಣ್ಣಗಾಗ್ತತಿ."

ಮುಂದಿನ ಎರಡು ದಿನ ಕಾಗದಪತ್ರದ ಕೆಲಸ. 21ರಂದು ಸತೀಶ್ ಕುಮಾರ್ ಠಾಣೆಗೆ ಬಂದು ಹೇಳಿಕೆ ಕೊಟ್ಟ. ಅವನು ಬೀಜದ ಕಂಪನಿಯ ಸೇಲ್ಸ್‌ಮನ್.

"ಚಾಲಕ ಜೋರಾಗಿ ಓಡಿಸ್ತಿದ್ನಾ?"

"ಎಲ್ಲಿ ಜೋರು ಸರ್... ಮೇಡಂ. ಎತ್ತಿನ ಗಾಡಿನಾಗೆ ಹೋಗಿದ್ರೆ ಮುಂಚೆ ಮುಟ್ತಿದ್ದೆ ಅಂತ ನಾನೇ ರೇಗಿಸಿದ್ದೆ. ಮಂಜು ಐತೆ ಸುಮ್ನಿರ್ರಿ ಅಂದ."

22ರಂದು ಸಂಜೆ 4.30ಕ್ಕೆ ಆ್ಯಪ್ ಕಂಪನಿಯಿಂದ ಇ-ಮೇಲ್ ಬಂತು. ಬಾಡಿಗೆಯ ಲೆಕ್ಕಕ್ಕೆಂದು ಆ್ಯಪ್ ಪ್ರತಿ ಕ್ಷಣವೂ ಕಾರಿನ ವೇಗ ಬರೆದಿಟ್ಟುಕೊಳ್ಳುತ್ತದೆ. 6 ಗಂಟೆ 41 ನಿಮಿಷಕ್ಕೆ, ಕಾರು ಬಲಕ್ಕೆ ತಿರುಗುವ ಮುಂಚೆ, ಗಂಟೆಗೆ ಮೂವತ್ನಾಲ್ಕು ಕಿಲೋಮೀಟರ್. ಮಹೇಶ್ವರಪ್ಪ ಆ ಅಂಕಿಯನ್ನು ಓದಿ, ಎಫ್‌ಐಆರ್‌ನ ತಮ್ಮದೇ ಅಕ್ಷರವನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ಮಗನೂ ಮೂವತ್ನಾಲ್ಕರಾಗೆ ಬೈಕ್ ಓಡಿಸಲ್ಲ ಮೇಡಂ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಹುಡುಗಿಗೆ ಒಳ್ಳೇದು ಮಾಡಾಕೆ ಹೋಗಿ ಈ ಹುಡುಗನಿಗೆ ಕೆಟ್ಟದ್ದು ಮಾಡಿದೆ," ಎಂದರು. ಶಾಂತಲಾ ಎರಡು ಟೀ ತರಿಸಿದರು.

23ರ ಶನಿವಾರ ಬೆಳಿಗ್ಗೆ 8.15ಕ್ಕೆ ಜೀಪು ದಾಸಪ್ಪನವರ ಮನೆ ಮುಂದೆ ನಿಂತಿತು. ಹೊಲ ಹುಣಸೆ ಮರಕ್ಕೆ ಹತ್ತಿರವೇ. ಅಂಗಳದಲ್ಲಿ ಟ್ರ್ಯಾಕ್ಟರು, ಅದರ ಹಿಂದೆ ಆಳೆತ್ತರದ ಜೋಳ ಬಿಡಿಸುವ ಮಷಿನು. ಹಿಂಬದಿಗೆ ಕೆಂಪು ರೇಡಿಯಂ ಪಟ್ಟಿ ಇರಲಿಲ್ಲ. ಇಂಜಿನ್ನಿನ ಕೆಳಗೆ ಮಣ್ಣಿನಲ್ಲಿ ಆಯಿಲಿನ ಕಲೆಯಿತ್ತು. ದಾಸಪ್ಪ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಡುವ ತಯಾರಿಯಲ್ಲಿದ್ದರು. ಹೆಂಡತಿ ಭೀಮಕ್ಕ ಟಿಫಿನ್ ಬಾಕ್ಸಿಗೆ ಅನ್ನ ತುಂಬುತ್ತಿದ್ದರು.

ಶಾಂತಲಾ ಮೊಬೈಲಿನಲ್ಲಿದ್ದ ಫೋಟೊವನ್ನು ಭೀಮಕ್ಕನ ಮುಂದೆ ಹಿಡಿದರು.

"ಅಮ್ಮ, ಈ ಬೆನಕನ್ನ ಮಾಡಿದ್ದು ಯಾರು?"

"ನಾನೇ," ಎಂದುಬಿಟ್ಟರು ಭೀಮಕ್ಕ. ಆಮೇಲೆ ಗಂಡನ ಮುಖ ನೋಡಿದರು.

"ಮೋರಿ ಮ್ಯಾಲೆ ಯಾಕೆ ಇಟ್ರಿ?"

"ಇವರು ಎಲ್ಲಾ ಚರಂಡಿಗೆ ನೂಕು ಅಂದ್ರು. ದೇವರನ್ನ ಹೆಂಗವ್ವಾ ನೂಕಲಿ? ಮೊದಲೇ ತಪ್ಪು ಮಾಡ್ತಿದ್ವಿ. ಅದರ ಮ್ಯಾಲೆ ಇದೂ ಒಂದು ಯಾಕೆ ಅಂತ ಎಲೆ ಮ್ಯಾಲೆ ಇಟ್ಟು ಕೈ ಮುಗದೆ."

"ಸಾಕು ಬಿಡು," ಎಂದರು ದಾಸಪ್ಪ. ಜಗಲಿಯ ಮೇಲೆ ಕೂತರು. ದನಿಯಲ್ಲಿ ನಾಲ್ಕು ದಿನದ ಹೊರೆ ಇಳಿಸಿದವರ ದಣಿವಿತ್ತು. "ಕೇಳ್ರಿ ತಾಯಿ, ಹೇಳ್ತೀನಿ."

ಸೋಮವಾರ ಸಂಜೆ ಬಿಡಿಸಿದ ಜೋಳವನ್ನು ರಸ್ತೆ ಮೇಲೆ ಹರವಿ, ಕಲ್ಲಿಟ್ಟು, ಟಾರ್ಪಾಲು ಹೊದಿಸಿದ್ದರು. ಟ್ರ್ಯಾಕ್ಟರಿನ ಡೀಸೆಲ್ ಮುಗಿದಿತ್ತು. ಬೆಳಿಗ್ಗೆ ನೋಡಿದರಾಯಿತೆಂದು ಅದನ್ನು ಮಷಿನಿನ ಸಮೇತ ಅರ್ಧ ಟಾರಿನ ಮೇಲೆ, ಅರ್ಧ ಮಣ್ಣಿನ ಮೇಲೆ ಬಿಟ್ಟು ಮನೆಗೆ ಬಂದರು. ಕೆಟ್ಟು ನಿಂತ ಗಾಡಿಯ ಹಿಂದೆ ಒಂದು ಸೊಪ್ಪಿನ ಕೊಂಬೆಯಾದರೂ ಇಡುವುದು ಊರಿನ ವಾಡಿಕೆ. ಅದನ್ನೂ ಇಡಲಿಲ್ಲ. ಬೆಳಿಗ್ಗೆ ಭೀಮಕ್ಕ ಬೆನಕನನ್ನು ಕೂರಿಸಿ, ದಾಸಪ್ಪ ಕ್ಯಾನಿನಿಂದ ಡೀಸೆಲ್ ಹಾಕುತ್ತಿರುವಾಗ ಮಂಜಿನೊಳಗಿಂದ ಕಾರು ಬಂತು. ಗಾಯಾಳುಗಳನ್ನು ಕಳಿಸಿದ ಮೇಲೆ ಗಂಡ ಹೆಂಡತಿ ಒಂದು ಗಂಟೆಯಲ್ಲಿ ಎಲ್ಲ ಬಳಿದು, ಟ್ರ್ಯಾಕ್ಟರನ್ನು ಹೊಲದೊಳಕ್ಕೆ ಒಯ್ದರು.

"ಯಾಕೆ?"

"ಶರಣು ಅಂತ ನನ್ನ ಚಿಕ್ಕಪ್ಪನ ಮಗ. ಹದಿನೈದು ವರ್ಷದ ಹಿಂದೆ ಅವನ ಟ್ರ್ಯಾಕ್ಟರಿಗೆ ಸಿಕ್ಕು ಒಬ್ಬ ಸತ್ತ. ಕೋರ್ಟಿನಾಗೆ ತಪ್ಪು ಇವನದೇ ಅಂತ ಆತು. ಕೋರ್ಟಿನ ಅಮೀನ ಬಂದು ಹರಾಜು ಅಂತ ಹೊಲದಾಗೆ ಡೋಲು ಹೊಡಸಿದ. ಎರಡು ಎಕರೆ ಹೋತು. ಶರಣು ಊರು ಬಿಟ್ಟ, ಈಗ ಎಲ್ಲಿದಾನೋ ಗೊತ್ತಿಲ್ಲ. ಆ ಡೋಲಿನ ಸದ್ದು ನನ್ನ ಕಿವಿಯಾಗೆ ಹಂಗೇ ಐತಿ ತಾಯಿ. ತಪ್ಪು ನಂದು ಅಂದ್ರೆ ಈ ಹೊಲನೂ ಹೋಗ್ತತಿ ಅಂತ ಹೆದರಿದೆ. ಆ ಹುಡುಗನ ಕಾಲು ಹೋಗ್ತತಿ ಅಂತ ಅವತ್ತು ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೆ ಹೇಳಬೇಕು ಅಂತಾನೇ ದಿನಾ ಬಸ್ ಹತ್ತತಿದ್ದೆ. ಅವನು ದೊಡ್ಡಪ್ಪ ಅಂದಾಗ ಬಾಯಿ ಕಟ್ಟತಿತ್ತು."

"ಟ್ರ್ಯಾಕ್ಟರಿನ ಕಾಗದ ಎಲ್ಲಿ?"

ಭೀಮಕ್ಕ ದೇವರ ಗೂಡಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಆರ್‌ಸಿ ಇತ್ತು, ಲೈಸೆನ್ಸ್ ಇತ್ತು. ಅವುಗಳ ನಡುವೆ ನಾಲ್ಕಾಗಿ ಮಡಚಿದ ಒಂದು ಹಾಳೆ. ಆಯುಧ ಪೂಜೆಯ ಕುಂಕುಮ ಅದಕ್ಕೂ ಬಿದ್ದಿತ್ತು.

"ಇದೇನು ಗೊತ್ತಾ?"

"ಇನ್ಶೂರೆನ್ಸು. ವರ್ಷಾ ವರ್ಷಾ ಒಬ್ಬ ಬಂದು ಮಾಡಿಸ್ಕೊಡ್ತಾನೆ. ಟ್ರ್ಯಾಕ್ಟರ್ ಕಳುವಾದ್ರೆ ಕೊಡ್ತಾರಂತೆ."

ಶಾಂತಲಾ ಹಾಳೆ ಬಿಡಿಸಿ ಓದಿದರು. 2025ರ ಮಾರ್ಚ್‌ವರೆಗೆ ಚಾಲ್ತಿ. ಈ ಟ್ರ್ಯಾಕ್ಟರಿನಿಂದ ಬೇರೆಯವರಿಗೆ ಸಾವು, ಗಾಯವಾದರೆ ಪರಿಹಾರದ ಹೊಣೆ ಕಂಪನಿಯದು ಎಂದು ಸ್ಪಷ್ಟವಾಗಿತ್ತು.

"ಯಜಮಾನ್ರೆ, ಶರಣುನ ಟ್ರ್ಯಾಕ್ಟರಿಗೆ ಇದು ಇತ್ತಾ?"

"ಇಲ್ಲ ಅನ್ಸತ್ತೆ. ಅವನು ಇಂಥದ್ದೆಲ್ಲ ಮಾಡಿಸ್ತಿರಲಿಲ್ಲ."

"ಅದಕ್ಕೇ ಹೊಲ ಹೋಗಿದ್ದು. ನಿಮಗೆ ಇದೆ. ತಪ್ಪಿನಾಗೆ ನಿಮ್ಮ ಪಾಲು ಎಷ್ಟು ಅಂತ ಕೋರ್ಟು ಹೇಳ್ತದೋ, ಅಷ್ಟು ದುಡ್ಡು ಕಂಪನಿ ಕಲ್ಲೇಶನಿಗೆ ಕಟ್ಟಬೇಕು. ಅವರು ತಕರಾರು ಮಾಡ್ತಾರೆ, ಮಾಡಲಿ. ಅವತ್ತೇ ನೀವು ಹೇಳಿದ್ರೂ ನಿಮ್ಮ ಹೊಲ ಹೋಗ್ತಿರಲಿಲ್ಲ."

ದಾಸಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ಹಿಂಬದಿ ನೋಡಿದರು.

"ಹಂಗಾದ್ರೆ ನಾನು ಬಾಯಿ ಬಿಟ್ಟಿದ್ರೆ ಅವನಿಗೆ ದುಡ್ಡು ಬರ್ತಿತ್ತು."

"ಹೂಂ."

"ನಂದು ಏನೂ ಹೋಗ್ತಿರಲಿಲ್ಲ."

"ಇಲ್ಲ."

ಅವರು ಆಗ ಅತ್ತರು. ಅರವತ್ತು ವರ್ಷದ ಗಂಡಸು ಅಂಗಳದಲ್ಲಿ ಪೊಲೀಸರ ಮುಂದೆ ಅಳುವುದನ್ನು ನೋಡಲಾರದೆ ವಿನಯ್ ಕುಮಾರ್ ಜೀಪಿನ ಟೈರು ಪರೀಕ್ಷಿಸಲು ಹೋದ. ಕಳ್ಳತನಕ್ಕೋ ಲಾಭಕ್ಕೋ ಸುಳ್ಳು ಹೇಳಿದವರನ್ನು ಶಾಂತಲಾ ಬಹಳ ನೋಡಿದ್ದರು. ಈ ಮನುಷ್ಯ, ತಾನೇ ಉಳಿಸಿದ ಜೀವಕ್ಕೆ ತಾನೇ ಅನ್ಯಾಯ ಮಾಡಿದ್ದು ಬರೀ ಹೆದರಿಕೆಗೆ, ಅದೂ ದೇವರ ಗೂಡಿನಲ್ಲೇ ಉತ್ತರವಿದ್ದ ಹೆದರಿಕೆಗೆ.

10.05ಕ್ಕೆ ಠಾಣೆಯಲ್ಲಿ ದಸ್ತಗಿರಿ ತೋರಿಸಿದರು. ಸಾರ್ವಜನಿಕ ರಸ್ತೆಗೆ ಅಡ್ಡಿ, ನಿರ್ಲಕ್ಷ್ಯದಿಂದ ತೀವ್ರ ಗಾಯ, ಸಾಕ್ಷ್ಯನಾಶ. ಕಲ್ಲೇಶ್‌ನ ಮೇಲಿದ್ದ ಆರೋಪ ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಕಳಿಸಲು ಶಾಂತಲಾ ಸೂಚಿಸಿದರು. ಅದರಲ್ಲಿ, ಗಾಯಾಳುಗಳನ್ನು ಕಾರಿನಿಂದ ಹೊರತೆಗೆದು ಪ್ರಾಣ ಉಳಿಸಿದವರೂ ಇದೇ ದಾಸಪ್ಪ ಎಂಬ ಸಾಲನ್ನು ಸೇರಿಸಲು ಹೇಳಿದರು. ಮಹೇಶ್ವರಪ್ಪ ಅವತ್ತು ಬಾಯಿಪಾಠದ ಒಂದು ಸಾಲನ್ನೂ ಬಳಸಲಿಲ್ಲ. ಒಂದೊಂದು ವಾಕ್ಯಕ್ಕೂ ಫೈಲು ತಿರುವಿ ನೋಡಿ ಬರೆದರು.

"ಜಾಮೀನು ಸಿಗೋ ಕೇಸು ಯಜಮಾನ್ರೆ. ಸಂಜೆಯೊಳಗೆ ಮನೆಗೆ ಹೋಗ್ತೀರಿ," ಎಂದು ಹೇಳಿ, ದಸ್ತಗಿರಿ ಮೆಮೊದ ಕಾಲಂಗಳನ್ನು ತುಂಬತೊಡಗಿದರು. ಹೆಸರು, ವಯಸ್ಸು, ಊರು. ಕೊನೆಯ ಕಾಲಂ, ದಸ್ತಗಿರಿಯ ವಿಷಯವನ್ನು ಯಾರಿಗೆ ತಿಳಿಸಬೇಕು ಎಂಬುದು.

"ಭೀಮಕ್ಕ ಅಂತ ಬರೀಲಾ?" ಭೀಮಕ್ಕ ಬಾಗಿಲ ಬಳಿಯ ಬೆಂಚಿನ ಮೇಲೆ ಟಿಫಿನ್ ಬಾಕ್ಸು ಹಿಡಿದು ಕೂತಿದ್ದರು.

"ಅವಳಿಗೆ ಗೊತ್ತೇ ಐತಲ್ಲ," ಎಂದರು ದಾಸಪ್ಪ. "ಕಲ್ಲೇಶನಿಗೆ ತಿಳಿಸ್ರಿ. ನಾನೇ ಮಾಡಿದ್ದು ಅಂತ ಹೇಳ್ರಿ. ಇವತ್ತು ಬುತ್ತಿ ತರಾಕೆ ಆಗಲ್ಲ, ಕಾಯಬ್ಯಾಡ ಅಂತಾನೂ ಹೇಳ್ರಿ."

ಮಹೇಶ್ವರಪ್ಪ ಇನ್ಸ್‌ಪೆಕ್ಟರ್ ಕಡೆ ನೋಡಿದರು. ಶಾಂತಲಾ ತಲೆಯಾಡಿಸಿದರು. ಮಹೇಶ್ವರಪ್ಪ ಕಾಲಂನಲ್ಲಿ "ಕಲ್ಲೇಶ್, ಗೋವಿನಕೋವಿ" ಎಂದು ಬರೆದು, ಸಂಬಂಧ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ಅದನ್ನು ಖಾಲಿ ಬಿಟ್ಟರು.

ಶಾಂತಲಾ ಎದ್ದು ಟೋಪಿ ಹಾಕಿಕೊಂಡರು. ಬಾಗಿಲ ಬಳಿ ನಿಂತು ಭೀಮಕ್ಕನ ಮುಂದೆ ಕೈ ಚಾಚಿದರು.

"ಬಾಕ್ಸು ಕೊಡ್ರಮ್ಮ. ದಾವಣಗೆರೆಗೇ ಹೊಂಟೀನಿ."